ನನ್ನ ಸೀಟಿನಲ್ಲಿ ಕೂತವರು

ಮದುವೆಯಾದ ಮೇಲೆ ನಾನು ನಿಜವಾಗಿ ಹೊಟ್ಟೆಕಿಚ್ಚು ಪಟ್ಟದ್ದು ಒಬ್ಬರ ಮೇಲೆ ಮಾತ್ರ. ಅದು ಹೆಂಗಸಲ್ಲ. ಐವತ್ತು ದಾಟಿದ, ನಡುನೆತ್ತಿಯಲ್ಲಿ ಕೂದಲಿಲ್ಲದ, ಸಕ್ಕರೆ ಕಾಯಿಲೆ ಇದ್ದ, ಉಡುಪಿ ಕಡೆಯ ಒಬ್ಬ ಅಕೌಂಟೆಂಟು. ಇದನ್ನು ಹೇಳಿದರೆ ಗೆಳತಿಯರು ನಗುತ್ತಾರೆ. ನಗಲಿ. ಅವರ ಗಂಡಂದಿರ ಕಾರಿನ ಮುಂದಿನ ಸೀಟಿನಲ್ಲಿ ವಾರವೆಲ್ಲ ಯಾರು ಕೂರುತ್ತಾರೆ ಎಂದು ಅವರೂ ಒಮ್ಮೆ ನೋಡಿಕೊಳ್ಳಲಿ.

ಎರಡು ಸಾವಿರದ ಇಸವಿ ಕಳೆದ ಮೇಲಿನ ಮಾತು. ನಾವು ದುಬೈಯ ಅಲ್ ನಹ್ದಾದಲ್ಲಿ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿದ್ದೆವು. ನಾನು ಮೈಸೂರಿನವಳು, ಇವರು ಉಡುಪಿಯವರು. ಇವರು ಅಂದರೆ ನನ್ನ ಗಂಡ. ಹೆಸರು ಹಿಡಿದು ಕರೆಯುವ ಅಭ್ಯಾಸ ನಮ್ಮಮ್ಮನಿಗೂ ಇರಲಿಲ್ಲ, ನನಗೂ ಬರಲಿಲ್ಲ. ಹಳೆಯ ಸಣ್ಣ ಕಾರು ಬೇಸಿಗೆಯಲ್ಲಿ ದಿನಕ್ಕೊಮ್ಮೆ ಕೈಕೊಡತೊಡಗಿದಾಗ, ಹೊಸದೇ ತೆಗೆದುಕೊಳ್ಳೋಣ ಎಂದು ಇಬ್ಬರೂ ಶೋರೂಮಿಗೆ ಹೋದೆವು.

ಇವರು ಬಾನೆಟ್ ಎತ್ತಿಸಿ ಎಂಜಿನ್ ನೋಡಿ ತಲೆಯಾಡಿಸಿದರು. ಉಳಿದದ್ದನ್ನೆಲ್ಲ ನೋಡಿದವಳು ನಾನು. ಕಾರಿನ ಬಗ್ಗೆ ಪತ್ರಿಕೆಗಳಲ್ಲಿ ಬರೆಯುವ ಗಂಡಸರು ಎಷ್ಟು ವೇಗ, ಎಷ್ಟು ಶಕ್ತಿ ಎಂದು ಪುಟ ತುಂಬಿಸುತ್ತಾರೆ. ಒಳಗೆ ಕೂತು ಬದುಕುವುದು ಹೇಗೆಂದು ಒಬ್ಬರೂ ಬರೆಯುವುದಿಲ್ಲ. ನಾನು ನಾಲ್ಕು ಬಾಗಿಲನ್ನೂ ತೆಗೆದು ಹಾಕಿ ಸದ್ದು ಕೇಳಿದೆ. ಹಿಂದಿನ ಸೀಟಿಗೆ ಬೇರೆ ಎಸಿ ಕಿಂಡಿ ಇರುವ ಮಾಡೆಲ್ಲೇ ಬೇಕು, ಆಗಸ್ಟ್ ತಿಂಗಳಲ್ಲಿ ನಮ್ಮ ಮಗಳು ಹಿಂದೆ ಕೂತು ಬೇಯಬೇಕೇ ಎಂದು ಹಟ ಹಿಡಿದೆ. ಹೊರಗಿನ ಬಣ್ಣ ಮರಳಿನದು, ಧೂಳು ಕೂತರೂ ಕಾಣದು. ಹಿಂದಿನ ದೀಪಗಳು ನನಗೆ ಹಿಡಿಸಲಿಲ್ಲ, ಅಳುಬುರುಕ ಕಣ್ಣಿನ ಹಾಗೆ ಕೆಳಕ್ಕೆ ಇಳಿದಿದ್ದವು. ಆದರೆ ಒಳಗೆ ಕೂತ ಮೇಲೆ ಅದನ್ನು ಕ್ಷಮಿಸಿಬಿಟ್ಟೆ. ಕೈಯಾಡಿಸಿದರೆ ಮೆತ್ತಗೆ ತಾಗುವ ಕೆನೆಬಣ್ಣದ ಮಖಮಲ್ಲು ಬಟ್ಟೆಯ ಸೀಟು. ಡ್ಯಾಶ್‌ಬೋರ್ಡಿನ ಉದ್ದಕ್ಕೂ ಮರದ ಪಟ್ಟಿ. ಬೆರಳಿನಿಂದ ಕುಟ್ಟಿ ನೋಡಿದೆ, ಪ್ಲಾಸ್ಟಿಕ್ಕು, ಆದರೂ ಚೆಂದ. ಮುಂದಿನ ಸೀಟಿನಲ್ಲಿ ಕೂತು ನೆತ್ತಿಯ ಮೇಲಿನ ಬಿಸಿಲುತಡೆ ಇಳಿಸಿದರೆ ಅದರೊಳಗೆ ಒಂದು ಕನ್ನಡಿ, ಕನ್ನಡಿಯ ಎರಡು ಪಕ್ಕಕ್ಕೂ ಪುಟ್ಟ ದೀಪ. ಡ್ರೈವರ್ ಕಡೆಗೆ ಕನ್ನಡಿ ಇರಲಿಲ್ಲ. ಎಲ್ಲೋ ಜಪಾನಿನಲ್ಲಿ ಕೂತ ಯಾವನೋ ಪುಣ್ಯಾತ್ಮ, ಈ ಸೀಟಿನಲ್ಲಿ ಕೂರುವವಳು ಹೆಂಡತಿ ಎಂದು ತೀರ್ಮಾನಿಸಿಯೇ ಅದನ್ನು ಮಾಡಿದ್ದ. ನಾನು ಕುಂಕುಮ ಸರಿಮಾಡಿಕೊಂಡು, "ಇದೇ ಇರಲಿ ರೀ" ಎಂದೆ.

ಸೀಟಿನ ಪ್ಲಾಸ್ಟಿಕ್ ಹೊದಿಕೆ ತೆಗೆಯಬಾರದೆಂದು ಇವರಿಗೂ ಮಗಳಿಗೂ ಆಜ್ಞೆಯಾಯಿತು. ಶುಕ್ರವಾರ ಅಲ್ಲಿ ವಾರದ ರಜೆ; ಬೆಳಿಗ್ಗೆ ಬರ್ ದುಬೈಯ ದೇವಸ್ಥಾನ, ಸಂಜೆ ಕಡಲತೀರ. ಸ್ಪೀಡು ನೂರಿಪ್ಪತ್ತು ದಾಟಿದರೆ ಟಿಂಗ್ ಟಿಂಗ್ ಎಂದು ಕಾರೇ ಎಚ್ಚರಿಸುತ್ತಿತ್ತು, ನಾನು ಬೈಯುವ ಕೆಲಸ ಉಳಿಯಿತು. ಕೆಲವು ತಿಂಗಳು ನಾನು ಆ ಸೀಟಿನಲ್ಲಿ ಮಹಾರಾಣಿಯ ಹಾಗೆಯೇ ಓಡಾಡಿದೆ.

ಆಮೇಲೆ ಇವರ ಆಫೀಸು ಅಬುಧಾಬಿಗೆ ಹೋಯಿತು. ಮಗಳ ಶಾಲೆ ದುಬೈಯಲ್ಲಿದ್ದುದರಿಂದ ಮನೆ ಬದಲಿಸಲಿಲ್ಲ. ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ಒಬ್ಬರೇ ಹೋದರೆ ಬೇಸರ, ಕಣ್ಣು ಎಳೆಯುತ್ತದೆ ಎಂದು ಇವರು ಒಬ್ಬರಿಗೆ ಲಿಫ್ಟ್ ಕೊಡತೊಡಗಿದರು. ಅವರೇ ಈ ಅಕೌಂಟೆಂಟು. ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ನಮ್ಮ ಮನೆಯ ಹತ್ತಿರವೇ ರೂಮು ಹಂಚಿಕೊಂಡಿದ್ದವರು, ಕೆಲಸ ಇವರ ಆಫೀಸಿನ ಪಕ್ಕದ ಕಟ್ಟಡದಲ್ಲಿ. ನಾನು ಮನಸ್ಸಿನಲ್ಲೇ ಅವರಿಗೆ ಲಿಫ್ಟ್ ರಾಯರು ಎಂದು ಹೆಸರಿಟ್ಟೆ.

ಮೊದಲ ಶುಕ್ರವಾರವೇ ನನಗೆ ಗೊತ್ತಾಯಿತು. ಕಾರು ಹತ್ತಿ ಕೂತರೆ ಕಾಲು ಎಲ್ಲಿಗೂ ಎಟಕಲಿಲ್ಲ. ಸೀಟು ಪೂರ್ತಿ ಹಿಂದಕ್ಕೆ ಹೋಗಿ, ಬೆನ್ನು ಮಲಗಿಕೊಂಡು, ಎಸಿ ಕಿಂಡಿ ಯಾರದೋ ಎದೆಯ ಕಡೆಗೆ ತಿರುಗಿತ್ತು. ಅಲ್ಲಿಂದ ಮುಂದೆ ಪ್ರತಿ ಶುಕ್ರವಾರ ದೇವಸ್ಥಾನಕ್ಕೆ ಹೊರಡುವ ಮೊದಲು ನನ್ನದೊಂದು ತಪಾಸಣೆ. ಬಾಗಿಲಿನ ಜೇಬಿನಲ್ಲಿ ಪೆಪ್ಪರ್‌ಮಿಂಟಿನ ಕಾಗದ. ಗ್ಲೋವ್ ಬಾಕ್ಸಿನಲ್ಲಿ ನನ್ನ ಭಜನೆಯ ಕ್ಯಾಸೆಟ್ಟಿನ ಮೇಲೆ ಯಕ್ಷಗಾನದ ಕ್ಯಾಸೆಟ್ಟು. ತಲೆ ಒರಗಿಸುವ ಕಡೆ ದುಂಡಗೆ ಎಣ್ಣೆಯ ಕಲೆ. ಇಲ್ಲದ ಕೂದಲಿಗೂ ಎಣ್ಣೆ ಹಚ್ಚುವ ಮನುಷ್ಯ ಅವರು. ಬೇಸಿಗೆ ಬರುವ ಹೊತ್ತಿಗೆ ಬೆನ್ನಿಗೊಂದು ದಿಂಬು ಬಂತು. ಅದಾದ ವಾರ ನನ್ನ ಪ್ಲಾಸ್ಟಿಕ್ ಹೊದಿಕೆಯೇ ಮಾಯ.

"ಏನ್ರೀ ಇದು? ಪ್ಲಾಸ್ಟಿಕ್ ಎಲ್ಲಿ?"

"ಅವರಿಗೆ ಬೆವರಿ ಬೆನ್ನಿಗೆ ಅಂಟ್ತದೆ ಅಂದ್ರು. ತೆಗೆದೆ."

"ನಾನು ತೆಗೀಬೇಡಿ ಅಂದಿದ್ದೆ."

"ಎಷ್ಟು ದಿನ ಇಡುದು ಮಾರಾಯ್ತಿ? ಖಲಾಸ್, ಹೋಯ್ತು."

"ದಿಂಬು?"

"ಅವರಿಗೆ ಸೊಂಟನೋವು ಉಂಟು."

"ನನಗೂ ಉಂಟು" ಎಂದು ಇವರ ಧಾಟಿಯಲ್ಲೇ ಅಣಕಿಸಿದೆ. ಹಿಂದಿನಿಂದ ಮಗಳು, "ಮಮ್ಮಾ, ಇಟ್ಸ್ ಜಸ್ಟ್ ಎ ಸೀಟ್" ಎಂದಳು. ಅವಳಿಗೇನು ಗೊತ್ತು.

ಬರೀ ಸೀಟಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆನೋ ಏನೋ. ಆದರೆ ಇವರು ಸಂಜೆ ಮನೆಗೆ ಬರುವಾಗ ಮಾತೆಲ್ಲ ಖಾಲಿಯಾಗಿರುತ್ತಿತ್ತು. ಶೂ ಬಿಚ್ಚಿ ಸೋಫಾದಲ್ಲಿ ಕೂತು ಟಿವಿ ಹಾಕುವುದು. ಕಾಫಿ ಕೊಟ್ಟು ಎದುರಿಗೆ ಕೂತು, "ಏನು ವಿಶೇಷ ಇವತ್ತು?" ಎಂದು ಕೇಳಿದರೆ, "ಎಂತ ಇಲ್ಲ." ಊಟಕ್ಕೆ ಕೂತಾಗ ಕೇಳಿದರೂ ಅದೇ. ದಿನಕ್ಕೆ ನಾಲ್ಕು ಗಂಟೆ ಆ ಕಾರಿನೊಳಗೆ ಇಬ್ಬರು ಗಂಡಸರು ಬಾಯಿ ಮುಚ್ಚಿಕೊಂಡು ಕೂತಿರುತ್ತಾರೆ ಎಂದು ನಂಬಲು ನಾನೇನು ಎಳೆ ಮಗುವೇ? ಒಮ್ಮೆ ಬಾಲ್ಕನಿಯಲ್ಲಿ ಬಟ್ಟೆ ತೆಗೆಯುವಾಗ ನೋಡಿದೆ. ಕಾರು ಕೆಳಗೆ ಬಂದು ನಿಂತಿತ್ತು. ರಾಯರು ಇಳಿದ ಮೇಲೂ ಕಿಟಕಿಗೆ ಬಗ್ಗಿ ನಿಂತಿದ್ದರು, ಇವರು ಒಳಗಿನಿಂದ ಕೈ ಆಡಿಸಿ ಆಡಿಸಿ ಏನೋ ಹೇಳುತ್ತಿದ್ದರು. ಹಾಗೆ ಕೈ ಆಡಿಸಿ ಇವರು ನನ್ನ ಹತ್ತಿರ ಮಾತಾಡಿ ಎಷ್ಟು ಕಾಲವಾಯಿತೆಂದು ನನಗೆ ನೆನಪಾಗಲಿಲ್ಲ. ಬಟ್ಟೆ ಹಿಡಿದುಕೊಂಡೇ ನಿಂತು ಉರಿದುಕೊಂಡೆ.

ಯುಗಾದಿ ಕಳೆದ ಮೇಲೆ ಪರಿಚಯದವರ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಊಟದ ಹೊತ್ತಿಗೆ ಲಿಫ್ಟ್ ರಾಯರು ತಟ್ಟೆ ಹಿಡಿದು ನನ್ನ ಪಕ್ಕಕ್ಕೆ ಬಂದರು. ನನಗಿಂತ ಹದಿನೈದು ವರ್ಷ ದೊಡ್ಡವರು, ಆದರೂ ನನ್ನನ್ನು ಅಕ್ಕ ಎನ್ನುತ್ತಿದ್ದರು.

"ಅಕ್ಕಾ, ಮಗಳ ಗಂಟಲು ನೋವು ಈಗ ಹೇಗುಂಟು? ಮೊನ್ನೆ ರಾತ್ರಿ ನಿಮಗೆ ನಿದ್ದೆಯೇ ಇಲ್ಲ ಅಂತೆ."

"ಪರವಾಗಿಲ್ಲ ಈಗ" ಎಂದೆ.

"ಮತ್ತೆ, ಆ ಖಲೀಫಾ ಸಿಟಿಯ ಮನೆ ಬಿಟ್ಟದ್ದು ಒಳ್ಳೆದೇ ಆಯ್ತು. ಅಡುಗೆಕೋಣೆಗೆ ಕಿಟಕಿಯೇ ಇಲ್ಲ. 'ನನ್ನ ಹೆಂಡತಿಗೆ ಇಲ್ಲಿ ಉಸಿರು ಕಟ್ತದೆ' ಅಂತ ನಿಮ್ಮವರು ಬಾಗಿಲಲ್ಲೇ ತಿರುಗಿದ್ರು. ಈಗ ನೋಡಿದ್ದು ಲಾಯ್ಕ್ ಉಂಟು, ಅಲ್ವಾ?"

"ಯಾವ ಮನೆ?" ಎಂದೆ.

ಬಾಯಿ ಜಾರಿದ್ದು ರಾಯರಿಗೆ ಗೊತ್ತಾಯಿತು. ತಟ್ಟೆ ನೋಡಿದರು. "ಪಾಯಸ ಒಳ್ಳೆದಾಗಿದೆ" ಎಂದು, ತಮ್ಮ ಸಕ್ಕರೆ ಕಾಯಿಲೆಯನ್ನೂ ಮರೆತು ಇನ್ನಷ್ಟು ಹಾಕಿಸಿಕೊಳ್ಳಲು ಹೋದರು.

ಮನೆಗೆ ಬರುವ ದಾರಿಯಲ್ಲಿ ಇವರನ್ನು ಹಿಡಿದೆ. ಅಬುಧಾಬಿಯ ಹತ್ತಿರ ಮನೆ ಹುಡುಕುತ್ತಿರುವುದು ನಿಜ, ಆಫೀಸು ಬಿಟ್ಟ ಮೇಲೆ ಇಬ್ಬರೂ ಸೇರಿ ಹಲವು ಮನೆ ನೋಡಿದ್ದೂ ನಿಜ.

"ಖಾತ್ರಿ ಆದ ಮೇಲೆ ಹೇಳುವ ಅಂತ ಇದ್ದೆ."

"ಅವರಿಗೆ ಖಾತ್ರಿ ಆಗೋಕ್ಕೆ ಮುಂಚೇನೇ ಹೇಳಿದ್ದೀರಲ್ಲ?"

"ಅವರು ಕಾರಲ್ಲೇ ಇರ್ತಾರಲ್ಲ."

"ನಾನು ಮನೇಲೇ ಇರ್ತೀನಲ್ಲ!"

ನನ್ನ ಸಿಟ್ಟು ಮನೆಯ ಬಗ್ಗೆ ಅಲ್ಲವೇ ಅಲ್ಲ. ಕಿಟಕಿ ಇಲ್ಲದ ಅಡುಗೆಮನೆಯಲ್ಲಿ ನನಗೆ ಉಸಿರು ಕಟ್ಟುತ್ತದೆಂದು ಇವರಿಗೆ ಗೊತ್ತಿತ್ತು. ಅಷ್ಟು ಚೆಂದದ ಮಾತನ್ನು ಇವರು ಆಡಿದ್ದರು, ಮತ್ತು ಅದನ್ನು ಕೇಳಿಸಿಕೊಂಡದ್ದು ಆ ಮನುಷ್ಯ. ನನ್ನ ಬಗ್ಗೆ ಆಡಿದ ಮಾತೂ ನನಗೆ ಬಾರದೆ ಅವರ ಪಾಲಾಗಿತ್ತು. ಗುರುವಾರ ಅರ್ಧ ದಿನದ ಆಫೀಸು. ಬರುವ ಗುರುವಾರ ನಾನೂ ಬಂದು ಮನೆ ನೋಡುತ್ತೇನೆ ಎಂದು ಹೇಳಿದೆ.

ಮಗಳು ಶಾಲೆಯಿಂದ ಬಂದರೆ ನೋಡಿಕೊಳ್ಳಿ ಎಂದು ಪಕ್ಕದ ಮನೆಯವರಿಗೆ ಹೇಳಿ, ಬೆಳಗಾಗುತ್ತಲೇ ಹೊರಟೆ. ಮುಂದಿನ ಸೀಟನ್ನು ನನ್ನ ಅಳತೆಗೆ ಎಳೆದುಕೊಂಡು, ದಿಂಬು ಹಿಂದಕ್ಕೆ ಎಸೆದೆ. ರಾಯರು ಬಸ್‌ಸ್ಟಾಪಿನ ಹತ್ತಿರ ಟಿಫಿನ್ ಹಿಡಿದು ನಿಂತಿದ್ದರು. ನನ್ನನ್ನು ಕಂಡು ನಕ್ಕು, "ಕೂತ್ಕೊಳ್ಳಿ ಅಕ್ಕಾ, ಕೂತ್ಕೊಳ್ಳಿ" ಎನ್ನುತ್ತ ತಾವೇ ಹಿಂದಿನ ಬಾಗಿಲು ತೆಗೆದು ಹತ್ತಿದರು.

"ಹಿಂದೆ ಎಸಿ ಬರ್ತದಾ?" ಎಂದು ಇವರು ಕೇಳಿದರು. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಕೇಳಿದರು. ಆ ಎಸಿ ಕಿಂಡಿಗಾಗಿ ಶೋರೂಮಿನಲ್ಲಿ ಜಗಳವಾಡಿದವಳು ನಾನು; ಗಾಳಿ ತಿನ್ನುತ್ತಿದ್ದವರು ರಾಯರು. ನಾನು ಬಾಗಿಲಿಗೆ ಬೆನ್ನು ಕೊಟ್ಟು, ಪೂರ್ತಿ ಇವರ ಕಡೆ ತಿರುಗಿ ಕೂತೆ. ಇಷ್ಟು ದಿನ ಈ ಸೀಟಿಗೆ ಸಿಕ್ಕ ಮಾತು ಇವತ್ತು ನನಗೂ ಸಿಗಬೇಕು. ಆಫೀಸಿನಲ್ಲಿ ಹೊಸ ಮ್ಯಾನೇಜರ್ ಹೇಗೆ ಎಂದೆ. "ಹೂಂ." ಮನೆಯ ಬಾಡಿಗೆ ಹೆಚ್ಚಾಗಲಿಲ್ಲವೇ ಎಂದೆ. "ನೋಡುವ." ಜೆಬೆಲ್ ಅಲಿ ದಾಟಿತು, ಇವರ ಬಾಯಿಂದ ಒಂದು ಪೂರ್ತಿ ವಾಕ್ಯ ಬರಲಿಲ್ಲ. ಆಗ ಹಿಂದಿನಿಂದ ರಾಯರು ತುಳುವಿನಲ್ಲಿ, ಮುಂದೆ ಹೋಗುತ್ತಿದ್ದ ಒಂದು ಲಾರಿಯ ಬಗ್ಗೆ ಏನೋ ಅಂದರು. ಇವರು ಕನ್ನಡಿಯಲ್ಲಿ ಅವರನ್ನು ನೋಡಿ ಗಟ್ಟಿಯಾಗಿ ನಕ್ಕರು. ಅತ್ತೆಯಿಂದ ಕಲಿತಷ್ಟು ತುಳು ನನಗೂ ಬರುತ್ತದೆ. ಅಷ್ಟು ನಗುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಮಧ್ಯಾಹ್ನದ ತನಕ ನಾನು ಒಂದು ಮಾಲಿನಲ್ಲಿ ಸುತ್ತಿದೆ. ಆಮೇಲೆ ಮೂವರೂ ಖಲೀಫಾ ಸಿಟಿಯಲ್ಲೇ ಇವರು ಹೊಸದಾಗಿ ನೋಡಿಟ್ಟಿದ್ದ ಇನ್ನೊಂದು ಮನೆಗೆ ಹೋದೆವು. ದೊಡ್ಡ ವಿಲ್ಲಾ ಒಂದರ ಹಿಂದಿನ ಭಾಗ. ಅಡುಗೆಮನೆಗೆ ಅಗಲವಾದ ಕಿಟಕಿ, ಹೊರಗೆ ಬೇವಿನ ಮರ. ತಪ್ಪು ಹುಡುಕಲೆಂದೇ ಹೋದವಳಿಗೆ ಒಂದೂ ಸಿಗಲಿಲ್ಲ. ಹೊರಡುವಾಗ ರಾಯರು, "ನನಗೆ ಇಲ್ಲಿ ಒಬ್ಬರನ್ನು ಕಾಣ್ಲಿಕ್ಕುಂಟು. ನೀವು ಹೋಗಿ, ನಾನು ಬಸ್ಸಲ್ಲಿ ಬರ್ತೇನೆ" ಎಂದರು. ಅವರು ಯಾರನ್ನೂ ಕಾಣಬೇಕಾಗಿರಲಿಲ್ಲ, ನಮ್ಮಿಬ್ಬರನ್ನೇ ಬಿಡಲು ಹಾಗೆ ಹೇಳಿದ್ದು. ಆ ದೊಡ್ಡತನಕ್ಕೂ ನನಗೆ ಮೈ ಉರಿಯಿತು.

ಹೆದ್ದಾರಿಗೆ ಬಂದ ಮೇಲೆ ನಾನು ನೇರವಾಗಿ ಕೇಳಿದೆ. "ಅವರ ಹತ್ರ ಬರೋ ಮಾತು ನನ್ನ ಹತ್ರ ಯಾಕೆ ಬರಲ್ಲ?"

ಇವರು ಮುಂದಿದ್ದ ಲಾರಿಯನ್ನು ಹಿಂದೆ ಹಾಕಿ, ಮತ್ತೆ ತಮ್ಮ ಸಾಲಿಗೆ ಬಂದರು.

"ಅವರು ರಸ್ತೆ ನೋಡ್ತಾ ಕೂತಿರ್ತಾರೆ" ಎಂದರು. "ನೀನು ನನ್ನ ಮುಖ ನೋಡ್ತಾ ಕೂತಿರ್ತಿ. ನಾನು ಅರ್ಧ ಹೇಳುವಾಗಲೇ ನಿನ್ನ ಮುಖದಲ್ಲಿ ಹೆದರಿಕೆ ಕಾಣ್ತದೆ. ಮತ್ತೆ ಉಳಿದದ್ದು ಹೇಳ್ಲಿಕ್ಕೆ ಆಗುದಿಲ್ಲ."

ಇದೊಂದು ಉತ್ತರವೇ? ಗಂಡನ ಮುಖವನ್ನು ಹೆಂಡತಿ ನೋಡದೆ ದಾರಿಹೋಕರು ನೋಡಬೇಕೇ? ಸಿಟ್ಟಿನಿಂದ ನಾನು ಮುಂದಕ್ಕೆ ತಿರುಗಿ, ಬೆಲ್ಟನ್ನು ಎಳೆದು ಸರಿಮಾಡಿ, ಕೈಕಟ್ಟಿ ಕೂತೆ. ಇನ್ನು ಮನೆ ಬರುವ ತನಕ ಇವರ ಕಡೆ ನೋಡಿದರೆ ಕೇಳಿ ಎಂದುಕೊಂಡೆ. ಎರಡೂ ಕಡೆ ಮರಳು, ನಡುವಿನ ಪಟ್ಟಿಯಲ್ಲಿ ಖರ್ಜೂರದ ಸಾಲು. ಇಳಿಬಿಸಿಲು ಇವರ ಕಡೆಯಿಂದ ಒಳಗೆ ಬರುತ್ತಿತ್ತು.

ದಾರಿಯ ನಡುವೆ ಸಿಗುವ ಘಂತೂತ್ ಹತ್ತಿರ ಬಂದಾಗ ಇವರು ತಾವಾಗಿಯೇ ಅಂದರು. "ಇಲ್ಲೇ. ಆಚೆ ಬದಿಯ ರಸ್ತೆಯಲ್ಲಿ."

"ಏನು?" ಎಂದೆ. ಹಟಕ್ಕೆ ತಿರುಗಲಿಲ್ಲ.

"ಜನವರಿಯಲ್ಲಿ. ಬೆಳಿಗ್ಗೆ ಮಂಜು ಇತ್ತು. ನಂಗೆ ನಿದ್ದೆ ಹತ್ತಿತು. ಕಣ್ಣು ಮುಚ್ಚಿದ್ದು ನಂಗೆ ಗೊತ್ತೇ ಇಲ್ಲ. ಮುಂದೆ ಒಂದು ಟ್ರೈಲರ್ ಲಾರಿ ಇತ್ತು. ಅವರು ಸ್ಟೇರಿಂಗ್ ಹಿಡಿದು ಎಳೆದ್ರು."

ತಿರುಗಿ ಮುಖ ನೋಡಬೇಕು, ಮುಟ್ಟಬೇಕು ಎಂದು ಜೀವ ಹೊಡೆದುಕೊಂಡಿತು. ತಿರುಗಿದರೆ ಇವರು ನಿಲ್ಲಿಸಿಬಿಡುತ್ತಾರೆ ಎಂದು ಈಗ ನನಗೆ ಗೊತ್ತಿತ್ತು. ಮುಂದಿನ ಬಸ್ಸಿನ ನಂಬರ್ ಪ್ಲೇಟಿನ ಮೇಲೆ ಕಣ್ಣು ನೆಟ್ಟೆ.

"ಆಮೇಲೆ?"

"ಬದಿಗೆ ನಿಲ್ಲಿಸಿದೆವು. ನಂಗೆ ಅಳು ಬಂತು. ಸಣ್ಣ ಮಕ್ಕಳ ಹಾಗೆ ಅತ್ತೆ. ಮಗಳು ಸಣ್ಣವಳು, ನೀನು ಒಬ್ಬಳೇ ಇಲ್ಲಿ ಎಂತ ಮಾಡ್ತಿ ಅಂತ ಅತ್ತೆ. ಅವರು ಬೆನ್ನು ಸವರ್ತಾ ಕೂತಿದ್ರು. ಅವತ್ತಿಂದ ಮನೆ ಹುಡುಕುದು."

ಇವರು ಹೇಳುತ್ತ ಹೋದರು, ನಾನು ರಸ್ತೆ ನೋಡುತ್ತ ಕೇಳುತ್ತ ಹೋದೆ. ದುಬೈ ಬರುವವರೆಗೂ ನನ್ನ ಕತ್ತು ಅಲುಗಲಿಲ್ಲ.

ಗಂಡನ ಜೀವ ಉಳಿಸಿದವರಿಗೆ ಕೈಮುಗಿಯಬೇಕು, ಗೊತ್ತು. ಮರುವಾರ ಅವರನ್ನು ಊಟಕ್ಕೆ ಕರೆದು, ಸಿಹಿ ಬಿಟ್ಟು ಉಳಿದದ್ದೆಲ್ಲ ಮಾಡಿ ಬಡಿಸಿ, ನಿಜವಾಗಿಯೂ ಕೈಮುಗಿದೆ. ಆದರೆ ಸ್ಟೇರಿಂಗ್ ಎಳೆದ ಕೈಗೆ ನಾನು ಎಷ್ಟು ಋಣಿಯೋ, ಬೆನ್ನು ಸವರಿದ ಕೈಯ ಮೇಲೆ ಅಷ್ಟೇ ಹೊಟ್ಟೆಕಿಚ್ಚು. ನನ್ನನ್ನು ನೆನೆದು ಇವರು ಅತ್ತದ್ದು ಈ ಬದುಕಿನಲ್ಲಿ ಅದೊಂದೇ ಸಲ, ಮತ್ತು ಅಲ್ಲಿ ನಾನಿರಲಿಲ್ಲ.