ಬರ್ಕಾದ ಹಡಗಿನೊಳಗಿನ ಬಿಸಿ ಪೈಪು

ಯಾರಾದರೂ ದೆವ್ವ ಕಂಡೆನೆಂದರೆ ಅವರ ಎದುರಿಗೇ ನಗುತ್ತಿದ್ದವನು ನಾನು. ಈಗ ನಗುವುದಿಲ್ಲ. ಹಾಗೆಂದು ನಂಬುತ್ತೇನೆಂದೂ ಅಲ್ಲ. ಆದದ್ದನ್ನು ಆದ ಹಾಗೆಯೇ ಹೇಳುತ್ತೇನೆ, ನೀವೇ ಯೋಚಿಸಿ.

ಎಂಬತ್ತರ ದಶಕದ ಕೊನೆಯಲ್ಲಿ ನಾನು ಒಮಾನಿನಲ್ಲಿ ಪೈಪ್ ಫಿಟ್ಟರ್ ಆಗಿದ್ದೆ. ಗುಜರಿಗೆಂದು ಎಳೆದೊಯ್ಯುತ್ತಿದ್ದ ಹಳೆಯ ಯುದ್ಧನೌಕೆಯೊಂದು ಹಗ್ಗ ಕಡಿದುಕೊಂಡು ಬರ್ಕಾದ ತೀರದಲ್ಲಿ ಮರಳಿಗೆ ಸಿಕ್ಕಿಕೊಂಡಿತ್ತು. ಅದನ್ನು ಅಲ್ಲೇ ತುಂಡು ಮಾಡಲು ನಮ್ಮನ್ನು ಕಳಿಸಿದರು. ಯಾವುದೋ ದೂರದ ದೇಶದ ಬಂದರು ಕಾಯಲು ಕಟ್ಟಿದ ಉಗಿ ಹಡಗಂತೆ. ಯುದ್ಧಕಾಲದಲ್ಲೂ ಆ ಬಂದರಿನ ಬಾಯಿ ಬಿಟ್ಟು ಕದಲಲಿಲ್ಲವಂತೆ. ಆಮೇಲೆ ನಾವಿಕರ ತರಬೇತಿಗೆ ಬಳಸಿ, ಕೊನೆಗೆ ಬಾಯ್ಲರನ್ನೂ ಕಿತ್ತು ಉಗ್ರಾಣ ಮಾಡಿದ್ದರು. "ಬರೀ ಖಾಲಿ ಡಬ್ಬಿ ಮಾರಾಯ ಇದು," ಎನ್ನುತ್ತಿದ್ದ ನನ್ನ ಜೊತೆ ಕಬ್ಬಿಣ ಕತ್ತರಿಸುತ್ತಿದ್ದ ಮಂಗಳೂರಿನ ಅಲ್ಫೋನ್ಸ್.

ಒಂದು ಮಧ್ಯಾಹ್ನ ಜೋರು ಗಾಳಿ ಎದ್ದು ಹಡಗು ವಾಲಿತು. ನಾವು ಕತ್ತರಿಸಿದ್ದ ಕಡೆಯಿಂದ ನೀರು ನುಗ್ಗಿತು. ಎಲ್ಲರೂ ದೋಣಿಗೆ ಇಳಿದಾಗ ಅಲ್ಫೋನ್ಸ್ ಕಾಣಲಿಲ್ಲ.

"ಖಲಾಸ್! ಯಲ್ಲಾ, ಯಲ್ಲಾ!" ಆಯ್ತು, ಬೇಗ ಹೊರಡಿ ಎಂದು ದೋಣಿಯ ಒಮಾನಿ ಮುದುಕ ಅವಸರಿಸಿದ.

"ಅವನನ್ನು ಬಿಟ್ಟು ನಾನು ಬರುವುದಿಲ್ಲ," ಎಂದು ಕನ್ನಡದಲ್ಲೇ ಕೂಗಿ ಮತ್ತೆ ಒಳಗೆ ಹೋದೆ.

ಕೆಳಗೆ ಸೊಂಟದವರೆಗೆ ನೀರು. ಟಾರ್ಚು ಒದ್ದೆಯಾಗಿ ಆರಿತು. ಕರೆದರೆ ನನ್ನ ದನಿಯೇ ನಾಲ್ಕೂ ಕಡೆಯಿಂದ ಬರುತ್ತಿತ್ತು. ಗೋಡೆ ತಡವುತ್ತಾ ಹೋದಾಗ ಒಂದು ಪೈಪು ಕೈಗೆ ತಾಗಿತು. ಬಿಸಿಯಾಗಿತ್ತು. ಉಗಿ ಹರಿಯುವ ಪೈಪಿನ ಬಿಸಿ. ಅದು ನನಗೆ ಗೊತ್ತಿಲ್ಲದ್ದಲ್ಲ. ಬಾಯ್ಲರೇ ಇಲ್ಲದ ಹಡಗಿನಲ್ಲಿ! ಯೋಚಿಸಲು ಹೊತ್ತಿರಲಿಲ್ಲ. ಪೈಪು ಕವಲೊಡೆದಲ್ಲಿ ಒಂದು ತಣ್ಣಗಿತ್ತು, ಇನ್ನೊಂದು ಬಿಸಿ. ಬಿಸಿ ಇದ್ದುದನ್ನೇ ಹಿಡಿದು ನಡೆದೆ. ಅದರ ಪಕ್ಕದಲ್ಲೇ ಅಲ್ಫೋನ್ಸ್ ಕೈಗೆ ಸಿಕ್ಕಿದ. ಕುತ್ತಿಗೆಯವರೆಗೆ ನೀರಿನಲ್ಲಿ ಕುಸಿದು ಕೂತಿದ್ದ, ಕಾಲಿನ ಮೇಲೆ ಕಬ್ಬಿಣದ ಹಲಗೆ. ಸರಳೊಂದನ್ನು ಹುಡುಕಿ ಮೀಟಿ ಮೀಟಿ ಬಿಡಿಸಿದೆ.

"ಪೈಪು ಹಿಡಿದುಕೊಂಡೇ ಬಾ. ಜಾಗ್ರತೆ, ಸುಡ್ತದೆ," ಎಂದೆ.

"ಎಂಥ ಸುಡುವುದು? ಐಸಿನ ಹಾಗೆ ಉಂಟು!"

ನನ್ನ ಅಂಗೈ ಅಡಿಯಲ್ಲಿ ಅದು ಆಗಲೂ ಬಿಸಿಯಾಗಿಯೇ ಇತ್ತು. ಅದನ್ನೇ ಹಿಡಿದು ಇಬ್ಬರೂ ಹೊರಗೆ ಬಂದು ದೋಣಿ ಸೇರಿದೆವು.

ಗಾಳಿ ನಿಂತ ಮೇಲೆ ಹಟ ಹಿಡಿದು ಮತ್ತೆ ಒಳಗಿಳಿದೆ. ಪೈಪಿನ ಎರಡೂ ತುದಿ ಹುಡುಕಿದೆ. ಎರಡೂ ಕಡೆ ಯಾವತ್ತೋ ಕತ್ತರಿಸಿದ್ದರು. ಬೆರಳು ಹಾಕಿದರೆ ತುಕ್ಕು, ಮರಳು, ಅಷ್ಟೇ.

"ನಿನಗೆ ಹೆದರಿಕೆಯಲ್ಲಿ ಹಾಗೆ ಅನಿಸಿದ್ದು," ಎಂದು ಅಲ್ಫೋನ್ಸ್ ಇವತ್ತಿಗೂ ಹೇಳುತ್ತಾನೆ. ಇರಬಹುದು. ಆದರೆ ಆ ಕತ್ತಲಲ್ಲಿ ನಾನು ಅವನಿದ್ದ ಕಡೆಗೇ ಹೋದದ್ದು ಹೇಗೆ ಎಂದು ಕೇಳಿದರೆ, ಅವನು ಹಲಗೆ ಬಿದ್ದ ಕಾಲನ್ನು ಒತ್ತಿಕೊಳ್ಳುತ್ತಾ ಬೇರೆ ಮಾತು ತೆಗೆಯುತ್ತಾನೆ.