ಹೊಗೆ ಏಳದ ಆ ಗುರುವಾರ

ಬಡಗಿಯ ಒಲೆಯಿಂದ ಹೊಗೆ ಬಾರದು, ಬಡಗಿಯ ಬಾಯಿಂದ ಮಾತು ಬಾರದು ಎಂದು ನಮ್ಮ ಬೀದಿಯವರು ಹೇಳುತ್ತಿದ್ದರು. ಮೊದಲನೆಯದು ಹೊಗಳಿಕೆ, ಎರಡನೆಯದು ಕುಟುಕು. ಅವನು ಎರಡನ್ನೂ ಹೊಗಳಿಕೆಯೆಂದೇ ಇಟ್ಟುಕೊಂಡಿದ್ದ.

ಒಲೆಯೆಂದರೆ ಅಡುಗೆಯ ಒಲೆಯಲ್ಲ. ಹಿತ್ತಿಲಲ್ಲಿ ನಿಂತ ಆಳೆತ್ತರದ ಕಬ್ಬಿಣದ ಒಲೆ. ಹಳೆಯ ಎಣ್ಣೆ ಡ್ರಮ್ಮುಗಳಿಗೆ ಬೆಸುಗೆ ಹಾಕಿಸಿ ತಾನೇ ಕಟ್ಟಿದ್ದು. ಒಳಗೆ ಸೌದೆ ಉರಿದರೆ ಸುತ್ತಲಿನ ನೀರು ಕಾದು, ಕೊಳವೆಯಲ್ಲಿ ಮನೆಯೊಳಗೆ ಹರಿದು, ಮಲಗುವ ಕೋಣೆಯ ಗೋಡೆಯನ್ನು ಒಂದು ಸುತ್ತು ಹಾಕಿ, ತಣ್ಣಗಾಗಿ ಒಲೆಗೆ ಮರಳುತ್ತಿತ್ತು. ಚಳಿಗಾಲದಲ್ಲಿ ಬೀದಿಗೆ ಬೀದಿಯೇ ಕಂಬಳಿಯೊಳಗೆ ಮುದುಡಿದ್ದರೆ ಬಡಗಿಯ ಹೆಂಡತಿ ಮನೆಯೊಳಗೆ ಬರಿಗಾಲಲ್ಲಿ ಓಡಾಡುತ್ತಿದ್ದಳು.

ಅವನದೊಂದು ನೇಮವಿತ್ತು. ಎರಡು ಚಳಿಗಾಲ ಕಾಣದ ಸೌದೆ ಒಲೆಯ ಬಾಯಿ ಕಾಣಕೂಡದು. ಪ್ರತಿ ರಾಶಿಯ ಮೇಲೂ ಸೀಮೆಸುಣ್ಣದಲ್ಲಿ ವರ್ಷ ಬರೆದಿರುತ್ತಿದ್ದ. ಆದರೂ ಒಲೆಗೆ ಹಾಕುವ ಮುಂಚೆ ಎರಡು ತುಂಡು ತೆಗೆದು ಒಂದಕ್ಕೊಂದು ತಟ್ಟುತ್ತಿದ್ದ. ಠಣ್ ಅಂದರೆ ಒಣಗಿದ್ದು, ಒಲೆಗೆ; ದಬ್ ಅಂದರೆ ಹಸಿ, ವಾಪಸ್ಸು ರಾಶಿಗೆ.

ಪಕ್ಕದ ಮನೆಯ ಟೈಲರಮ್ಮ ಇದನ್ನು ಕಂಡು ನಗುತ್ತಿದ್ದಳು. ಎರಡು ಮನೆಗಳ ನಡುವೆ ಒಬ್ಬರು ನಡೆಯುವಷ್ಟು ಅಗಲದ ಓಣಿ. ಅವಳ ಹೊಲಿಗೆ ಯಂತ್ರದ ಕಿಟಕಿಗೆ ಎದುರಾಗಿ ಬಡಗಿಯ ಮಲಗುವ ಕೋಣೆಯ ಕಿಟಕಿ, ಅಲ್ಲಿ ಬಡಗಿಯ ಹೆಂಡತಿ.

"ಅತ್ತಿಗೇ, ಮದುವೆಗೆ ಮುಂಚೆ ನಿಮ್ಮನ್ನೂ ಹೀಗೇ ತಟ್ಟಿ ನೋಡಿದ್ರಾ?"

"ತಟ್ಟಿದ್ರೆ ದಬ್ ಅಂದು ಬಚಾವಾಗ್ತಿದ್ದೆ ಕಣೇ!"

ಯಂತ್ರದ ಸದ್ದಿಗೂ ಮೀರಿ ಇಬ್ಬರೂ ನಗುತ್ತಿದ್ದರು. ಬಡಗಿ ಮಾತ್ರ ಇನ್ನೆರಡು ತುಂಡು ತಟ್ಟುತ್ತಿದ್ದ.

ಟೈಲರಮ್ಮನ ಗಂಡ ಬಸ್ ಡ್ರೈವರ್ ಆಗಿದ್ದವನು. ಮೂವತ್ತು ವರ್ಷ ಸ್ಟೇರಿಂಗ್ ಹಿಡಿದು, ಕೊನೆಗೆ ಎದೆ ಕೆಟ್ಟು ಮನೆ ಸೇರಿದ್ದ. ಅಂಗಾತ ಮಲಗಿದರೆ ಉಸಿರು ನಿಲ್ಲುತ್ತಿತ್ತು. ದಿಂಬುಗಳನ್ನು ಪೇರಿಸಿಕೊಂಡು, ಹೆಂಡತಿಯ ಯಂತ್ರದ ಪಕ್ಕ, ಅದೇ ಕಿಟಕಿಯಲ್ಲಿ ಕೂತೇ ನಿದ್ದೆ ಮಾಡುತ್ತಿದ್ದ. ಒಂದು ದಿನ ಟೈಲರಮ್ಮ ಬಡಗಿಯನ್ನು ಕೇಳಿದಳು: "ಅಣ್ಣ, ಇವರಿಗೆ ಒರಗಿ ಮಲಗೋ ಹಾಗೆ ಒಂದು ಕುರ್ಚಿ ಮಾಡಿಕೊಡ್ತೀರಾ?"

ಬಡಗಿ ಶೆಡ್ಡಿನ ಅಟ್ಟದ ಮೇಲಿಂದ ಆರು ವರ್ಷ ಒಣಗಿದ ಹಲಗೆಗಳನ್ನು ಇಳಿಸಿದ. ಅವಳು ತನ್ನ ಟೇಪಿನಲ್ಲೇ ಗಂಡನ ಬೆನ್ನು, ತೋಳು, ಮೊಣಕಾಲು ಅಳೆದು, ತನ್ನ ನೀಲಿ ಸೀಮೆಸುಣ್ಣದಲ್ಲೇ ಹಲಗೆಗಳ ಮೇಲೆ ಗುರುತು ಹಾಕಿದಳು. "ಮರಕ್ಕೂ ಅಂಗಿ ಹೊಲಿಯೋ ಕಾಲ ಬಂತಪ್ಪ" ಎಂದು ಡ್ರೈವರ್ ಕೆಮ್ಮುತ್ತಲೇ ನಕ್ಕ.

ಆ ವಾರವೇ ಬಡಗಿಯ ಹೆಂಡತಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಆಸ್ಪತ್ರೆಯಿಂದ ಕರೆತಂದು ಕಿಟಕಿಯ ಪಕ್ಕ ಮಲಗಿಸಿದರು. ಮೈಗೆ ಶೀತ ತಾಗದಂತೆ ನೋಡಿಕೊಳ್ಳಿ ಎಂದಿದ್ದರು ಡಾಕ್ಟರು. ಹಲಗೆಗಳು ಮತ್ತೆ ಅಟ್ಟ ಸೇರಿದವು. ಬೆಳಗ್ಗೆ ಸಂಜೆ ಮಾತ್ರ ಉರಿಯುತ್ತಿದ್ದ ಒಲೆ ಈಗ ಹೊತ್ತುಗೊತ್ತಿಲ್ಲದೆ ಉರಿಯತೊಡಗಿತು. ಚಳಿಗಾಲ ಅರ್ಧ ಕಳೆಯುವಷ್ಟರಲ್ಲಿ ಒಣ ರಾಶಿ ನೆಲ ಮುಟ್ಟಿತು. ಸೌದೆ ಡಿಪೋದಲ್ಲಿ ಸಿಕ್ಕಿದ್ದೂ ಹಸಿಯೇ. ಬಡಗಿ ಆ ವರ್ಷ ಕಡಿದ ಸೌದೆಗೆ ಕೈ ಹಾಕಿದ. ಅಂದಿನಿಂದ ತಟ್ಟಿ ನೋಡುವುದನ್ನು ಬಿಟ್ಟ.

ಗಾಳಿಯಿಲ್ಲದ ಬೆಳಗುಗಳಲ್ಲಿ ಹೊಗೆ ಮೇಲೇಳದೆ ಓಣಿಗೆ ಇಳಿದು, ಕರೆಯದೆ ಬಂದ ನೆಂಟನ ಹಾಗೆ ಡ್ರೈವರನ ಕಿಟಕಿಯಲ್ಲಿ ಕೂರುತ್ತಿತ್ತು. ಟೈಲರಮ್ಮ ನಾಲ್ಕು ದಿನ ನೋಡಿ ಹಿತ್ತಿಲಿಗೆ ಬಂದಳು.

"ಅಣ್ಣ, ಹೊಗೆ ಒಳಗೆ ಬರ್ತಿದೆ. ಇವರಿಗೆ ಆಗ್ತಿಲ್ಲ."

"ನನ್ನ ಒಲೇಲಿ ಹೊಗೆ ಬರಲ್ಲ ತಂಗಿ. ಇಪ್ಪತ್ತು ವರ್ಷದಿಂದ ನೋಡಿಲ್ವಾ?"

"ಇಪ್ಪತ್ತು ವರ್ಷದ್ದು ಕೇಳ್ತಿಲ್ಲಣ್ಣ. ಇವತ್ತು ಬೆಳಗ್ಗೆದು ಹೇಳ್ತಿದೀನಿ."

"ಮಂಜಿರಬೇಕು."

"ಮಂಜಿಗೆ ಯಾರಾದ್ರೂ ಹೀಗೆ ಕೆಮ್ತಾರಾ?" ಅವಳು ದನಿ ತಗ್ಗಿಸಿದಳು. "ಅತ್ತಿಗೇನ ನಮ್ಮನೇಲಿ ಮಲಗಿಸಿ. ಕರೆಂಟ್ ಹೀಟರ್ ಇದೆ. ಅವರೂ ಬೆಚ್ಚಗಿರ್ತಾರೆ, ಇವರೂ ಉಸಿರಾಡ್ತಾರೆ. ನನಗೂ ಮಾತಿಗೆ ಜನ ಆಗುತ್ತೆ."

ಸೌದೆ ಮುಗಿದಿದೆ ಎಂಬ ಎರಡೇ ಮಾತು ಸಾಕಿತ್ತು. ಅವನು ಅದರ ಬದಲು "ನನ್ನ ಹೆಂಡತೀನ ಬೆಚ್ಚಗಿಡೋದು ನನಗೆ ಗೊತ್ತು" ಎಂದು ಒಲೆಯ ಬಾಗಿಲು ದಡಾರನೆ ಮುಚ್ಚಿದ.

ಇನ್ನೂ ಹತ್ತು ದಿನ ಕಾದು ಟೈಲರಮ್ಮ ನಗರಸಭೆಗೆ ಅರ್ಜಿ ಕೊಟ್ಟಳು. ಅಲ್ಲಿಂದ ಬಡಗಿಗೆ ಚೀಟಿ ಬಂತು: ಗುರುವಾರ ಬೆಳಗ್ಗೆ ಹತ್ತಕ್ಕೆ ಇನ್ಸ್‌ಪೆಕ್ಟರ್ ಬಂದು ಒಲೆ ಪರಿಶೀಲಿಸುತ್ತಾರೆ. ಕಳ್ಳನಿಗೆ ಮುಹೂರ್ತ ಹೇಳಿ ಕಾವಲು ಕೂತ ಹಾಗೆ.

ಗುರುವಾರ ಬೆಳಕು ಹರಿಯುತ್ತಲೇ ಬಡಗಿ ಅಟ್ಟ ಹತ್ತಿದ. ಅವನ ಮನೆಯಲ್ಲಿ ಒಣಗಿದ ಮರ ಎಂದು ಉಳಿದಿದ್ದುದು ನೀಲಿ ಗುರುತಿನ ಆ ಹಲಗೆಗಳು ಮಾತ್ರ. ಇಳಿಸಿ, ಒಂದಕ್ಕೊಂದು ತಟ್ಟಿದ. ಠಣ್. ಡ್ರೈವರನ ಬೆನ್ನಿನ ಅಳತೆ, ತೋಳಿನ ಅಳತೆ, ಮೊಣಕಾಲಿನ ಅಳತೆ, ಒಂದೊಂದಾಗಿ ಗರಗಸಕ್ಕೆ ಕೊಟ್ಟು ಒಲೆಗೆ ಹಾಕಿದ.

ಇನ್ಸ್‌ಪೆಕ್ಟರ್ ಬಂದ. ಕತ್ತೆತ್ತಿ ನೋಡಿದ. ಹೊಗೆಕೊಳವೆಯ ತುದಿಯಲ್ಲಿ ಬಿಸಿಗಾಳಿ ನಡುಗುತ್ತಿತ್ತು, ಅಷ್ಟೇ. ಹಿಂದಿನ ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. 'ಹೊಗೆ ಕಂಡುಬಂದಿಲ್ಲ' ಎಂದು ಬರೆದುಕೊಂಡು, ಪೆನ್ನಿನ ಮುಚ್ಚಳ ಹಾಕಿ ಟೈಲರಮ್ಮನ ಕಡೆ ತಿರುಗಿದ. "ಅಕ್ಕಪಕ್ಕದವರು ಅಂದಮೇಲೆ ಹೊಂದ್ಕೊಂಡು ಹೋಗ್ಬೇಕಮ್ಮ. ಸುಳ್ಳು ಅರ್ಜಿ ಕೊಟ್ಟು ನಮ್ಮ ಟೈಮ್ ಯಾಕೆ ಹಾಳು ಮಾಡ್ತೀರಿ?"

ಟೈಲರಮ್ಮ ಸುತ್ತ ನೋಡಿದಳು. ನಾವೆಲ್ಲ ಅಲ್ಲೇ ನಿಂತಿದ್ದೆವು. ಹಿಂದಿನ ದಿನದವರೆಗೂ ಆ ಹೊಗೆಗೆ ಮೂಗು ಮುಚ್ಚಿಕೊಂಡು ಓಡಾಡಿದವರೇ. "ಇವತ್ತಂತೂ ಇಲ್ಲಪ್ಪ" ಎಂದೆವು, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.

"ನಾನು ಸುಳ್ಳು ಹೇಳಿದ್ನಾ ಅಣ್ಣ?"

ಬಡಗಿ ಹೊಗೆಕೊಳವೆಯ ತುದಿಯನ್ನೇ ನೋಡುತ್ತಿದ್ದ. ಅವನ ಬಾಯಿಂದ ಮಾತು ಬಾರದು ಎಂದು ನಮಗೆ ಗೊತ್ತಿತ್ತಲ್ಲ.

ಶುಕ್ರವಾರ ಮತ್ತೆ ಹಸಿ ಸೌದೆ, ಮತ್ತೆ ಹೊಗೆ. ಟೈಲರಮ್ಮ ಜಗಳಕ್ಕೆ ಬರಲಿಲ್ಲ. ಕಿಟಕಿಗೆ ಒಳಗಿನಿಂದ ಹಲಗೆ ಬಡಿದು, ಸಂದುಗಳಿಗೆ ಬಣ್ಣಬಣ್ಣದ ಬಟ್ಟೆಚೂರು ತುರುಕಿದಳು. ಯಂತ್ರದ ಸದ್ದು ಕೂಡ ಈಚೆ ಬರದಂತಾಯಿತು.

ಬಡಗಿಯ ಹೆಂಡತಿ ಎರಡು ದಿನ ಆ ಹಲಗೆಯನ್ನೇ ನೋಡುತ್ತ ಮಲಗಿದ್ದಳು. ಮೂರನೆಯ ದಿನ ಕೇಳಿದಳು.

"ಕುರ್ಚಿ ಹಲಗೆ ಸುಟ್ರಿ ಅಲ್ವಾ?"

"ಯಾರು ಹೇಳಿದ್ರು?"

"ಯಾರು ಯಾಕೆ ಹೇಳ್ಬೇಕ್ರೀ? ಗುರುವಾರ ನನ್ನ ಗೋಡೆ ಯಾವತ್ತೂ ಇಲ್ಲದಷ್ಟು ಬೆಚ್ಚಗಿತ್ತು."

"ನಿನಗೋಸ್ಕರಾನೇ ಮಾಡಿದ್ದು."

"ನನಗೋಸ್ಕರ ಆಗಿದ್ರೆ ಅವಳ ಮನೇಲಿ ಮಲಗಿಸ್ತಿದ್ರಿ."

ಚಳಿ ಮುಗಿಯುವ ಮುಂಚೆ ಡ್ರೈವರ್ ತೀರಿಕೊಂಡ, ದಿಂಬಿಗೆ ಒರಗಿಕೊಂಡೇ. ಹೊಗೆಯೇ ಕಾರಣ ಎಂದು ಯಾರೂ ಅನ್ನಲಿಲ್ಲ. ಅಲ್ಲ ಎಂದೂ ಯಾರೂ ಅನ್ನಲಿಲ್ಲ. ಗೆದ್ದವನು ಸೋತ, ಸೋತವನು ಸತ್ತ ಅನ್ನುವ ಗಾದೆ ಕೋರ್ಟು ಕಚೇರಿಗೆ ಮಾತ್ರ ಎಂದುಕೊಂಡಿದ್ದೆವು. ಸಾವಿನ ಮನೆಗೆ ಬಡಗಿ ಬಾಗಿಲವರೆಗೂ ಹೋದ. ಟೈಲರಮ್ಮ ತಲೆಯೆತ್ತಲಿಲ್ಲ. ಅವನು ತಿರುಗಿ ಬಂದ.

ಸೊಂಟ ಕೂಡಿ ಕೋಲೂರಿ ನಿಲ್ಲುವಂತಾದ ದಿನ ಹೆಂಡತಿ ತನ್ನ ತಂಗಿಯ ಮನೆಗೆ ಹೊರಟಳು. "ಬೆಚ್ಚಗಿದ್ರೆ ಸಾಲದ್ರೀ, ಒಂದು ಮಾತು ಬೇಕು. ಆ ಒಲೆ ಬಿಟ್ಟು ಬರೋದಾದ್ರೆ ನೀವೂ ಬನ್ನಿ."

ಅವನು ಬರಲಿಲ್ಲ. ಎರಡು ಚಳಿಗಾಲ ಅದೇ ಹಟದಲ್ಲಿ ಕಳೆದ. ಒಲೆ ಮಾತ್ರ ಹೊತ್ತಿಸಲಿಲ್ಲ. ಕಂಬಳಿ ಹೊದ್ದು, ತಣ್ಣನೆಯ ಕೊಳವೆಗೆ ಬೆನ್ನು ಕೊಟ್ಟು ಕೂರುತ್ತಿದ್ದ. ಉಳಿ ಕೈಯಿಂದ ಜಾರತೊಡಗಿದ ಮೇಲೆ ಗುಜರಿಯವನನ್ನು ಕರೆಸಿ ಒಲೆಯನ್ನು ಕೀಳಿಸಿದ.

ಹೆಂಡತಿಯ ಬಳಿಗೆ ಹೊರಡುವ ಬೆಳಗ್ಗೆ ಶೆಡ್ಡಿನಲ್ಲಿ ಉಳಿದಿದ್ದ ರಾಶಿಯ ಮುಂದೆ ನಿಂತ. ಅದು ಡ್ರೈವರ್ ತೀರಿಕೊಂಡ ವರ್ಷದ್ದೇ, ಅಂದು ಉರಿದು ಮಿಕ್ಕ ಹಸಿ ಸೌದೆ. ಎರಡು ತುಂಡು ತೆಗೆದು ತಟ್ಟಿದ. ಠಣ್ ಅಂದವು. ತೋಳ ತುಂಬ ಸೌದೆ ಹೊತ್ತುಕೊಂಡು ಹೋಗಿ, ಟೈಲರಮ್ಮನ ಮುಂಬಾಗಿಲಲ್ಲಿ ಇಳಿಸಿ, ಬಾಗಿಲು ತಟ್ಟಿದ.

ಅವಳು ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಬಂದಳು.

"ಶೆಡ್ಡಿನಲ್ಲಿ ಇನ್ನೂ ಇದೆ. ಎಲ್ಲಾ ನೀನೇ ಇಟ್ಕೋ ತಂಗಿ. ಒಂಚೂರೂ ಹೊಗೆ ಬರಲ್ಲ."

ಅವಳು ಸೂಜಿಗಳನ್ನು ಒಂದೊಂದಾಗಿ ತೆಗೆದು ಸೆರಗಿಗೆ ಚುಚ್ಚಿಕೊಂಡಳು. ಸೌದೆಯನ್ನು ನೋಡಿದಳು, ಅವನನ್ನು ನೋಡಿದಳು.

"ಈಗ ಒಣಗ್ತಾ?"

ಬಾಗಿಲು ಹಾಕಿಕೊಂಡಳು. ಬಡಗಿ ಸೌದೆಯನ್ನು ಮತ್ತೆ ತೋಳಿಗೆ ತುಂಬಿಕೊಂಡು ಹೋಗಿ, ಒಲೆ ಕಿತ್ತ ಜಾಗದಲ್ಲಿ ಸುರಿದ. ಅಂಗಿಯ ಮೇಲಿನ ತೊಗಟೆಯ ಪುಡಿಯನ್ನು ಒದರಿದ. ಹತಾರಗಳ ಚೀಲವನ್ನು ಹೆಗಲಿಗೇರಿಸಿ, ಬಾಗಿಲಿಗೆ ಬೀಗ ಹಾಕಿ, ಓಣಿಯ ಕಡೆ ತಿರುಗದೆ ಬೀದಿಗೆ ಇಳಿದ.