ಎರಡು ನಿಮಿಷದ ಬ್ರಷ್ಷು

ಕರೆಂಟಿನಲ್ಲಿ ಹಲ್ಲುಜ್ಜುವ ಬ್ರಷ್ಷು ಇದೆ ಅಂತ ನಾನು ಮೊದಲು ಕೇಳಿದ್ದು ಮಂಡ್ಯದ ಹಲ್ಲಿನ ಡಾಕ್ಟರ ಬಾಯಲ್ಲಿ, ಹೋದ ವರ್ಷ ಗೌರಿ ಹಬ್ಬ ಕಳೆದ ವಾರ. ಹಲ್ಲು ತೋರಿಸಲು ಕೂತಿದ್ದವನು ನನ್ನ ತಮ್ಮ ಜವರಯ್ಯ. ಈಗ ಅವನಿಲ್ಲ. ಅವನಿಗೆ ಎದೆಯ ಆಪರೇಷನ್ ಆಗಬೇಕಿತ್ತು. ವಸಡಿನಲ್ಲಿ ಕೀವು ಇರುವ ತನಕ ಎದೆ ಮುಟ್ಟುವುದಿಲ್ಲ ಅಂತ ಮೈಸೂರಿನ ಆಸ್ಪತ್ರೆಯವರು ವಾಪಸ್ಸು ಕಳಿಸಿದ್ದರು. ಬೇವಿನ ಕಡ್ಡಿ ಬಿಡಿ, ಈ ಬ್ರಷ್ಷು ಹಿಡೀರಿ, ಆರು ವಾರದಲ್ಲಿ ವಾಸಿಯಾಗುತ್ತೆ ಅಂದರು ಡಾಕ್ಟರು.

"ಬಾಯ್ಗೆ ಕರೆಂಟಾ? ಶಾಕ್ ಒಡೆಯಕಿಲ್ವಾ ಸಾ?" ಅಂದ ಜವರ.

ಅವನಿಗೆ ಹಲ್ಲುಜ್ಜುವುದು ಒಂದೂವರೆ ಗಂಟೆಯ ಕೆಲಸ. ನಮ್ಮ ಕೊತ್ತತ್ತಿಯಲ್ಲಿ ಗಂಡಸರು ಬೇವಿನ ಕಡ್ಡಿ ಕಚ್ಚಿಕೊಂಡು ನಾಲೆಯ ಏರಿ ಮೇಲೆ ಸೇರುತ್ತಾರೆ. ಇವನು ಎಲ್ಲರಿಗಿಂತ ಮೊದಲು ಹೋಗಿ ಎಲ್ಲರಿಗಿಂತ ಕೊನೆಗೆ ಬರುವವನು. ಯಾರ ಗದ್ದೆಗೆ ನೀರು ತಿರುಗಿತು, ಯಾರ ಕಬ್ಬು ಕಟಾವಿಗೆ ಬಂತು, ಯಾರ ಮನೆಗೆ ಹೆಣ್ಣು ನೋಡಲು ಬಂದರು, ಎಲ್ಲ ಕಡ್ಡಿಯ ಸಂದಿಯಿಂದಲೇ ತೀರ್ಮಾನ. ಅವನ ಮದುವೆಯ ದಿನವೂ ಹಸೆಗೆ ಕರೆಯಲು ಅಕ್ಕನಾದ ನಾನೇ ಏರಿಗೆ ಓಡಿದ್ದೆ.

ಮದ್ದೂರಿನಲ್ಲಿ ನರ್ಸ್ ಆಗಿರುವ ಅವನ ಮಗಳು ದೀಪಿಕ ಮಂಡ್ಯದ ಅಂಗಡಿಯಲ್ಲೇ ಬ್ರಷ್ಷು ಕೊಡಿಸಿದಳು. ಮೊದಲ ದಿನ ಅದನ್ನೂ ಕಚ್ಚಿಕೊಂಡು ಏರಿಗೆ ಹೋದ. ಬಾಯಿಬಿಟ್ಟು ಏರಿಯ ಗೆಳೆಯ ತಿಮ್ಮಯ್ಯನನ್ನು ಮಾತಾಡಿಸಿದ್ದೇ ತಡ, ನೊರೆಯೆಲ್ಲ ತಿಮ್ಮಯ್ಯನ ಮುಖಕ್ಕೆ ಸಿಡಿಯಿತು.

"ಲೇ, ಬಟ್ಟೆ ಒಗಿಯೋ ಮಿಸನ್ ಮಡೀಕಂಡಿದ್ದೀಯೇನ್ಲಾ ಬಾಯಲ್ಲಿ" ಅಂದನಂತೆ ತಿಮ್ಮಯ್ಯ.

ಅಷ್ಟರಲ್ಲಿ ಬ್ರಷ್ಷು ನಿಂತುಹೋಯಿತು. ಕೆಟ್ಟಿದೆ ಅಂತ ಬಸ್ಸು ಹತ್ತಿ ಅಂಗಡಿಗೆ ಹೋದ. ಒಂದು ಸಲವಲ್ಲ, ಮೂರು ಸಲ. ಎರಡು ನಿಮಿಷಕ್ಕೆ ತಾನೇ ನಿಲ್ಲುತ್ತೆ, ಅಷ್ಟು ಸಾಕು ಅಂತ ಅಂಗಡಿಯವನು ಮೂರು ಸಲವೂ ಹೇಳಿದ.

"ಎಲ್ಡು ನಿಮ್ಸಕ್ಕೆ ಕಡ್ಡಿ ಮೆತ್ತಗೂ ಆಗಕಿಲ್ಲ" ಅಂತ ಗೊಣಗುತ್ತ ಬಂದ. ಆಮೇಲೆ ಅದು ನಿಂತಾಗಲೆಲ್ಲ ಮತ್ತೆ ಗುಂಡಿ ಒತ್ತಿ, ಕಡ್ಡಿ ತಿಕ್ಕಿದಂತೆ ಬಲವಾಗಿ ತಿಕ್ಕಿದ. ವಸಡು ಕಿತ್ತು ರಕ್ತ ಬಂತು. ಆರು ವಾರ ಮುಗಿದರೂ ವಾಸಿಯಾಗಲಿಲ್ಲ. ಆಪರೇಷನ್ ಮುಂದಕ್ಕೆ ಹೋಯಿತು.

ನನಗೆ ಪಿತ್ತ ನೆತ್ತಿಗೇರಿತು. ಮಾರನೇ ದಿನದಿಂದ ಅವನೆದುರಿಗೆ ನಾನೇ ನಿಂತೆ. ಬ್ರಷ್ಷು ನಿಂತ ಕೂಡಲೇ ಕಿತ್ತುಕೊಂಡು ಸೆರಗಿನಲ್ಲಿ ಸುತ್ತಿಡುತ್ತಿದ್ದೆ. ಚಿಕ್ಕವನಿದ್ದಾಗ ಅವನ ಹಲ್ಲಿಗೆ ಇದ್ದಿಲು ತಿಕ್ಕಿದವಳೂ ನಾನೇ, ಆಗಲೂ ಹೀಗೇ ಕೊಸರಾಡುತ್ತಿದ್ದ. ಆಯ್ತಲ್ಲ, ಇನ್ನು ಏರಿಗೆ ಹೋಗು ಅಂದರೆ ಹೋಗಲೊಲ್ಲ. ಜಗುಲಿ ಮೇಲೆ ಮುಖ ಊದಿಸಿಕೊಂಡು ಕೂತ.

"ಯಾಕ್ಲಾ, ಏನಾಯ್ತು?"

"ಬಾಯಲ್ಲಿ ಕಡ್ಡಿ ಇದ್ರೆ ಅಲ್ಲುಜ್ತಾವ್ನೆ ಅಂತಾರೆ ಕಣಕ್ಕ. ಬರೀ ಬಾಯಲ್ಲಿ ನಿಂತ್ರೆ ಕ್ಯಾಮೆ ಇಲ್ದೋನು ಅಂತಾರೆ."

"ಇನ್ನೇನು, ಭಾರೀ ಕ್ಯಾಮೆ ಇತ್ತಾ ನಿಂಗೆ" ಅಂದೆ. ಅವನು ನಗಲಿಲ್ಲ.

ಐದು ವಾರಕ್ಕೆ ವಸಡು ಗಟ್ಟಿಯಾಯಿತು. ಆಪರೇಷನ್ ದಿನ ಗೊತ್ತಾಯಿತು. ಆ ಆಪರೇಷನ್ನಿನಿಂದ ಅವನು ಮೇಲೇಳಲಿಲ್ಲ. ಮೈಸೂರಿಗೆ ಹೊರಟ ದಿನ ಬೆಳಿಗ್ಗೆ ಮಾತ್ರ ಯಾರೂ ಹೇಳದೆ ಎರಡೇ ನಿಮಿಷ ಉಜ್ಜಿದ. ಬ್ರಷ್ಷು ತೊಳೆದು ನನ್ನ ಕೈಗೆ ಕೊಟ್ಟ. ದೀಪಿಕ ಕಾರು ತರಲು ಇನ್ನೂ ಹೊತ್ತಿತ್ತು. ಏರಿ ಮೇಲೆ ತಿಮ್ಮಯ್ಯ ಕಡ್ಡಿ ಕಚ್ಚಿಕೊಂಡು ನಿಂತಿದ್ದ. ಜವರ ಅತ್ತ ನೋಡಿ, ನನ್ನನ್ನು ಕಡೆಯದಾಗಿ ಕೇಳಿದ್ದು ಇಷ್ಟು:

"ಅಕ್ಕ, ಒಂದು ಕಡ್ಡಿ ಮುರ್ಕೊಡು. ಉಜ್ಜಕ್ಕಲ್ಲ ಕಣಕ್ಕ. ಸುಮ್ಕೆ ಬಾಯಲ್ಲಿಟ್ಕಂಡು, ಕಾರು ಬರೋಗಂಟ ಅಲ್ಲಿ ನಿಂತಿರ್ತೀನಿ."